ಅಗ್ಗದ ಟಿಕೆಟ್ಟಿಗೆ ಅಗ್ಗದ ಪೈಲಟ್ ಯಾಕ್ರೀ ಬೇಕು?

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಒಂದು ಜಗಳ ಆಯ್ತು. ಜಗಳ ಅಂದ್ರೆ ಕೈ ಕೈ ಮಿಲಾಯಿಸುವಂಥದ್ದೇನಲ್ಲ, ದಿನಾ ಹತ್ತು ಗಂಟೆ ಕುರ್ಚಿಯಲ್ಲೇ ಕೂರುವ ನಮಗೆ ಅಷ್ಟೆಲ್ಲಾ ತಾಕತ್ತು ಎಲ್ಲಿಂದ ಬರಬೇಕು :-) ನನ್ನ ದೊಡ್ಡಪ್ಪನ ಮಗನಿಗೆ ಕೊನೆಗೂ ಒಂದು ಏರ್‌ಲೈನಿನಲ್ಲಿ ಕೋ-ಪೈಲಟ್ ಕೆಲಸ ಸಿಕ್ಕಿದೆ ಅಂತ ಖುಷಿಯಲ್ಲಿ ಹೇಳ್ತಾ ಇದ್ದೆ. ಪಕ್ಕದಲ್ಲಿದ್ದ ಗೆಳೆಯ ಮೊಸರನ್ನ ಕಲಸುತ್ತಾ ಕೇಳಿದ, "ಲೋ ಕಾಸ್ಟ್ ತಾನೇ? ಹಾಗಾದ್ರೆ ಸಂಬಳಾನೂ ಲೋ ಕಾಸ್ಟೇ ಇರತ್ತೆ ಬಿಡು. ಮೂರು ಸಾವಿರಕ್ಕೆ ಟಿಕೆಟ್ ಮಾರಿ ಪೈಲಟ್‌ಗೆ ಎಲ್ಲಿಂದ ತಂದು ಕೊಡ್ತಾರೆ?"

ಟೇಬಲ್ಲಿನಲ್ಲಿ ಕೂತಿದ್ದವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು. ನನಗೆ ಮಾತ್ರ ಸಿಟ್ಟು ಬಂತು.

ಯಾಕೆ ಅಂದ್ರೆ, ಈ ಹುಡುಗನಿಗಾಗಿ ನಮ್ಮ ದೊಡ್ಡಪ್ಪ ಅಡಿಕೆ ತೋಟ ಅಡ ಇಟ್ಟಿದ್ದು ನನಗೆ ಗೊತ್ತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು ಅಂದ್ರೆ 200 ಗಂಟೆ ಹಾರಿರಬೇಕು. ಅದಾದ ಮೇಲೆ ಒಂದು ನಿರ್ದಿಷ್ಟ ವಿಮಾನ ಓಡಿಸಲು ಟೈಪ್ ರೇಟಿಂಗ್ ಅಂತ ಇನ್ನೊಂದು ಖರ್ಚು. ಎಲ್ಲ ಸೇರಿ ಅರ್ಧ ಕೋಟಿಯ ಮೇಲೆ ಹೋಯ್ತು. ಕೆಲಸ ಸಿಗುವ ಮುಂಚೆ ಮೂರು ವರ್ಷ ಮನೆಯಲ್ಲಿ ಕೂತಿದ್ದ. ಈಗ ಕಂತು ಕಟ್ಟಿ ಕೈಯಲ್ಲಿ ಉಳಿಯುವುದು ನಮ್ಮ ಟೀಮಿನ ಫ್ರೆಶರ್ ಸಂಬಳದಷ್ಟೇ. "ಪೈಲಟ್‌ಗಳಿಗೇನು ಬಿಡ್ರೀ, ಲಕ್ಷಗಟ್ಟಲೆ" ಅನ್ನುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಅದು ಹಾಗಿರಲಿ, ಗೆಳೆಯನ ಪ್ರಶ್ನೆಗೆ ಬರೋಣ. ಟಿಕೆಟ್ ಅಗ್ಗವಾಗಬೇಕಾದ್ರೆ ಪೈಲಟ್ ಅಗ್ಗವಾಗಲೇಬೇಕಾ?

ಇಂಜಿನಿಯರ್ ಅಂದ ಮೇಲೆ ಲೆಕ್ಕ ಹಾಕದೆ ಇರಕ್ಕಾಗತ್ತಾ? ಬೆಂಗಳೂರು-ದೆಹಲಿ ವಿಮಾನ ತಗೊಳ್ಳಿ. ಕ್ಯಾಪ್ಟನ್‌ಗೆ ತಿಂಗಳಿಗೆ ಏಳು ಲಕ್ಷ, ಕೋ-ಪೈಲಟ್‌ಗೆ ಮೂರು ಲಕ್ಷ ಅಂತ ಇಟ್ಕೊಳ್ಳೋಣ. ಇದು ಬರೀ ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ನಿಮಗೆ ಬೇಕಾದ್ದು ಹಾಕಿಕೊಳ್ಳಿ. ಡಿಜಿಸಿಎ ನಿಯಮದ ಪ್ರಕಾರ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವ ಹಾಗಿಲ್ಲ; ಹಾಗಾಗಿ ತಿಂಗಳಿಗೆ 70 ಗಂಟೆ ಅನ್ನೋಣ. ಒಂದು ಪ್ರಯಾಣಕ್ಕೆ ಎರಡೂ ಮುಕ್ಕಾಲು ತಾಸು, ಅಂದ್ರೆ 2 ಗಂಟೆ 45 ನಿಮಿಷ. ತಿಂಗಳಿಗೆ ಸುಮಾರು 25 ಪ್ರಯಾಣ. ಇಬ್ಬರದ್ದೂ ಸೇರಿ ಹತ್ತು ಲಕ್ಷವನ್ನು 25ರಿಂದ ಭಾಗಿಸಿದರೆ ಪ್ರಯಾಣಕ್ಕೆ 40,000 ರೂಪಾಯಿ. ವಿಮಾನದಲ್ಲಿ 150 ಜನ ಇದ್ದರೆ ತಲೆಗೆ 267 ರೂಪಾಯಿ.

ಈಗ ಇಬ್ಬರಿಗೂ 20% ಸಂಬಳ ಹೆಚ್ಚು ಮಾಡಿ. ನಿಮ್ಮ ಟಿಕೆಟ್ ಮೇಲೆ ಬೀಳುವುದು 53 ರೂಪಾಯಿ. ಏರ್‌ಪೋರ್ಟಿನಲ್ಲಿ ಅದಕ್ಕೆ ಕಾಫಿ ಕೂಡ ಬರಲ್ಲ ಸ್ವಾಮಿ!

ಹಾಗಾದ್ರೆ ಅಗ್ಗದ ಟಿಕೆಟ್ ಬರುವುದು ಎಲ್ಲಿಂದ? ವಿಮಾನವನ್ನು ನೆಲದ ಮೇಲೆ ನಿಲ್ಲಿಸದೆ ಇರುವುದರಿಂದ. ಇಳಿದ ಅರ್ಧ ಗಂಟೆಯಲ್ಲಿ ಮತ್ತೆ ಏರಬೇಕು. ಹೆಚ್ಚಾಗಿ ಒಂದೇ ಜಾತಿಯ ವಿಮಾನ ಇಟ್ಟುಕೊಂಡರೆ ತರಬೇತಿ, ಬಿಡಿಭಾಗ ಎಲ್ಲ ಅಗ್ಗ. ಸೀಟು ಹತ್ತಿರ ಹತ್ತಿರ, ಊಟಕ್ಕೆ ಬೇರೆ ದುಡ್ಡು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಮುಂದೆ ಒಂದು ರೂಪಾಯಿ ಟಿಕೆಟ್ ಮಾರಿದ್ದೂ ಇದೇ ಧೈರ್ಯದ ಮೇಲೆ.

ಈ ಮಾದರಿಯ ಮೂಲಪುರುಷ ಅಮೆರಿಕದ ಸೌತ್‌ವೆಸ್ಟ್. 1971ರಲ್ಲಿ ಟೆಕ್ಸಾಸ್‌ನಲ್ಲಿ ಹಾರಾಟ ಶುರು ಮಾಡಿತು. ಮರುವರ್ಷ ಕಾಸಿಲ್ಲದೆ ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಗಿ ಬಂತು. ನಾಲ್ಕರ ಕೆಲಸ ಮೂರರಲ್ಲಿ ಮಾಡಲು ಹತ್ತೇ ನಿಮಿಷದಲ್ಲಿ ವಿಮಾನ ತಿರುಗಿಸಲು ಕಲಿತರು. ಅಲ್ಲಿನ ಪೈಲಟ್‌ಗಳಿಗೆ ಗಟ್ಟಿ ಯೂನಿಯನ್ ಇದೆ. 2000ದ ದಶಕದ ಮಧ್ಯದಲ್ಲಿ ಯುನೈಟೆಡ್, ಡೆಲ್ಟಾದಂಥ ದೊಡ್ಡಣ್ಣಗಳು ದಿವಾಳಿ ಕೋರ್ಟು ಹತ್ತಿ ಪೈಲಟ್‌ಗಳ ಸಂಬಳ ಕತ್ತರಿಸುತ್ತಿದ್ದಾಗ, ಅದೇ ಬೋಯಿಂಗ್ 737 ಓಡಿಸಲು ಅವರಿಗಿಂತ ಹೆಚ್ಚು ಸಂಬಳ ಕೊಡುತ್ತಿದ್ದದ್ದು ಈ ಅಗ್ಗದ ಕಂಪನಿ! ಆದರೂ 1973ರಿಂದ 2019ರವರೆಗೆ ಒಂದು ವರ್ಷವೂ ನಷ್ಟ ಮಾಡಲಿಲ್ಲ. ಗೆಳೆಯನ ಸಿದ್ಧಾಂತ ಇಲ್ಲೇ ಮುಗಿದು ಹೋಯ್ತು.

ನಮ್ಮ ದೇಶದಲ್ಲೂ ಅಷ್ಟೆ. ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ನಿಂತವು. ಎರಡೂ ಬಿಸಿ ಊಟ ಬಡಿಸುತ್ತಿದ್ದ ಠೀವಿಯ ಕಂಪನಿಗಳೇ. ಎರಡರಲ್ಲೂ ಪೈಲಟ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಟಿಕೆಟ್ ದುಬಾರಿ ಇದ್ದ ಮಾತ್ರಕ್ಕೆ ಪೈಲಟ್ ಜೇಬು ತುಂಬಲ್ಲ, ಅಗ್ಗ ಇದ್ದ ಮಾತ್ರಕ್ಕೆ ಖಾಲಿ ಆಗಬೇಕಾಗಿಯೂ ಇಲ್ಲ.

ಇನ್ನು ಪೈಲಟ್ ಅಗ್ಗವಾದರೆ ಏನಾಗತ್ತೆ ಅಂತಲೂ ನೋಡೋಣ. 12 ಫೆಬ್ರವರಿ 2009ರ ರಾತ್ರಿ ಅಮೆರಿಕದ ಬಫಲೋ ಹತ್ತಿರ ಒಂದು ವಿಮಾನ ಮನೆಯೊಂದರ ಮೇಲೆ ಬಿತ್ತು. 50 ಜನ ಸತ್ತರು. ವಿಮಾನದ ಮೇಲೆ ಇದ್ದ ಹೆಸರು ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯದ್ದು, ಓಡಿಸಿದ್ದು ಕೋಲ್ಗನ್ ಎಂಬ ಗುತ್ತಿಗೆ ಕಂಪನಿ. ನಮ್ಮ ಐಟಿಯಲ್ಲಿ ಕ್ಲೈಂಟ್ ಬ್ಯಾಡ್ಜ್ ನೇತುಹಾಕಿಕೊಂಡು ಕಾಂಟ್ರಾಕ್ಟರ್ ಸಂಬಳಕ್ಕೆ ದುಡಿಯಲ್ವಾ, ಥೇಟ್ ಹಾಗೇ. 24 ವರ್ಷದ ಕೋ-ಪೈಲಟ್ ಹುಡುಗಿಯ ಸಂಬಳ ವರ್ಷಕ್ಕೆ 25,000 ಡಾಲರ್ ಕೂಡ ಮುಟ್ಟುತ್ತಿರಲಿಲ್ಲ. ಅವಳಿದ್ದದ್ದು ದೇಶದ ಆ ತುದಿಯ ಸಿಯಾಟಲ್ ಕಡೆ ಅಪ್ಪ ಅಮ್ಮನ ಮನೆಯಲ್ಲಿ, ಕೆಲಸ ಈ ತುದಿಯ ನ್ಯೂವಾರ್ಕ್‌ನಲ್ಲಿ. ಹಿಂದಿನ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಕೂತು, ಶೀತ ಹಿಡಿಸಿಕೊಂಡೇ ಡ್ಯೂಟಿಗೆ ಬಂದಿದ್ದಳು.

ಸಂಬಳ ಕಮ್ಮಿ ಇದ್ದದ್ದಕ್ಕೇ ವಿಮಾನ ಬಿತ್ತು ಅಂತ ನಾನು ಹೇಳುತ್ತಿಲ್ಲ. ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ಆದರೆ ಇಬ್ಬರ ಮೇಲೂ ಆಯಾಸದ ಪ್ರಭಾವ ಇದ್ದಿರಬಹುದು ಅಂತಲೂ ಅದೇ ತನಿಖೆ ಹೇಳಿತು. ಊರು ಬಿಟ್ಟು ಬಂದವಳಿಗೆ ನಿದ್ದೆ ಮಾಡಲು ಒಂದು ರೂಮು ಬಾಡಿಗೆಗೆ ಹಿಡಿಯುವಷ್ಟು ಸಂಬಳ ಇರಬೇಕು ಅನ್ನುವುದು ಅತಿಯಾಸೆಯಾ? ಅಮೆರಿಕದವರು ಪಾಠ ಕಲಿತರು. 2010ರಲ್ಲಿ ಕಾನೂನು ಬಂತು, 2014ರಿಂದ ವಿಶ್ರಾಂತಿಯ ಹೊಸ ನಿಯಮ ಜಾರಿಯಾಯ್ತು.

ನಮ್ಮಲ್ಲಿ? ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಬೇಕು, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಬೇಕು ಅಂತ ನಿಯಮ ಬಂದು, ಮುಂದೂಡಿ ಮುಂದೂಡಿ, ದೆಹಲಿ ಹೈಕೋರ್ಟ್ ಹೇಳಿದ ಮೇಲೆ 2025ರಲ್ಲಿ ಜಾರಿಯಾಯ್ತು. 2024-25ರಲ್ಲಿ ಏಳು ಸಾವಿರ ಕೋಟಿಗೂ ಹೆಚ್ಚು ಲಾಭ ಮಾಡಿದ್ದ ಇಂಡಿಗೋ ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 3ರಿಂದ 5ರವರೆಗೆ ಮೂರೇ ದಿನದಲ್ಲಿ 2,500ಕ್ಕೂ ಹೆಚ್ಚು ವಿಮಾನ ರದ್ದಾದವು. ನಮ್ಮ ದೇವನಹಳ್ಳಿಯಲ್ಲೂ ಜನ ನೆಲದ ಮೇಲೆ ಮಲಗಿದರು. ಆಗ ಸರ್ಕಾರ ಮಾಡಿದ ಮೊದಲ ಕೆಲಸ ಏನು ಗೊತ್ತಾ? ರಾತ್ರಿ ಡ್ಯೂಟಿಯ ನಿಯಮದಿಂದ ಆ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿದ್ದು! 22.20 ಕೋಟಿ ದಂಡ ಬಿದ್ದದ್ದು ಆಮೇಲೆ, ಜನವರಿ 2026ರಲ್ಲಿ.

ನಿದ್ದೆಯೂ ಸಂಬಳದ ಭಾಗವೇ ಕಣ್ರೀ. ಅದೇ ಸಂಬಳಕ್ಕೆ ಹೆಚ್ಚು ರಾತ್ರಿ ದುಡಿಸಿಕೊಂಡರೆ ಅದೂ ಸಂಬಳ ಕಡಿತವೇ. ರಾತ್ರಿ ಎರಡು ಗಂಟೆಯ ರಿಲೀಸ್ ಮಾಡಿದವರಿಗೆಲ್ಲ ಗೊತ್ತು, ಆ ಹೊತ್ತಲ್ಲಿ ಎಂಥೆಂಥಾ ತಪ್ಪು ಕಮಾಂಡ್ ಹೊಡೀತೀವಿ ಅಂತ. ನಮಗೆ ರೋಲ್‌ಬ್ಯಾಕ್ ಇದೆ. ಅವರಿಗಿಲ್ಲ.

ಹಾಗಾಗಿ ಇನ್ನೊಂದು ಸಲ ಯಾರಾದ್ರೂ "ಟಿಕೆಟ್ ಅಗ್ಗ ಅಲ್ವಾ, ಪೈಲಟ್ ಹೊಂದಿಕೊಳ್ಳಲಿ" ಅಂದ್ರೆ ಆ 53 ರೂಪಾಯಿ ಲೆಕ್ಕ ಮುಂದಿಡಿ. ನಾನಂತೂ ಕೊಡಕ್ಕೆ ತಯಾರಿದ್ದೀನಿ. ದೊಡ್ಡಪ್ಪನ ಮಗ ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ಇಳಿಸುವಾಗ ಅವನ ಕಣ್ಣು ಪೂರ್ತಿ ತೆರೆದಿರಲಿ, ಅಷ್ಟೆ.

ನೀವೇನಂತೀರಿ? ಲೆಕ್ಕದಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ. ಗೆಳೆಯನಿಗೂ ಈ ಕೊಂಡಿ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ :-)