ನಾಯಿ ಧಣಿಯದು, ಮುರಿದ ಕೈ ಆಳಿನದು

ಬೆಂಗಳೂರಿನ ಸಿರಿವಂತ ಬಡಾವಣೆಗಳಲ್ಲಿ ಬೆಳಗಿನ 6 ಗಂಟೆಗೆ ನಿಂತು ನೋಡಿರಿ. 35 ಕಿಲೋ ತೂಗುವ ಆಲ್ಸೇಷಿಯನ್, 50 ಕಿಲೋ ತೂಗುವ ರಾಟ್‌ವೈಲರ್ ನಾಯಿಗಳ ಸವಾರಿ ಬೀದಿಗೆ ಹೊರಡುತ್ತದೆ. ಸರಪಳಿ ಹಿಡಿದವರು ಯಾರು? ಎಷ್ಟೋ ಕಡೆ ನಾಯಿಯ ಯಜಮಾನರಲ್ಲ; ನಾಯಿಯಷ್ಟೇ ತೂಕದ ಮನೆಗೆಲಸದ ಹೆಂಗಸು, ಇಲ್ಲವೆ ಹಳ್ಳಿ ಬಿಟ್ಟು ಬಂದ ಹುಡುಗ. ದೊಡ್ಡ ಊರಿನ ಈ ಷೋಕಿ ಈಗ ನಮ್ಮಂಥ ಜಿಲ್ಲಾ ಪಟ್ಟಣಗಳಿಗೂ ಕಾಲಿಟ್ಟಿದೆ.

ಎದುರಿಗೆ ಒಂದು ಬೆಕ್ಕು ಹಾಯ್ದರೆ ಸಾಕು. ನಾಯಿ ಒಮ್ಮೆಗೇ ನೆಗೆಯುತ್ತದೆ. ಕೈಗೆ ಸುತ್ತಿಕೊಂಡ ಸರಪಳಿ ಬಿಗಿದು ಬೆರಳಿನ ಮೂಳೆ ಮುರಿಯುತ್ತದೆ, ಭುಜದ ಕೀಲು ತಪ್ಪುತ್ತದೆ. ಬೀಳುವಾಗ ಅಂಗೈ ಊರಿದರೆ ಮಣಿಕಟ್ಟು ಹೋಯಿತು. ತಲೆ ನೆಲಕ್ಕೆ ಬಡಿದರೆ ಜೀವಕ್ಕೇ ಸಂಚಕಾರ.

"ನಾಯಿ ಎಳೆದರೆ ಏನು ಮಹಾ!" ಎಂದು ನಗುವವರು ಈ ಲೆಕ್ಕ ಕೇಳಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2001ರಿಂದ 2020ರ ವರೆಗೆ ಆ ದೇಶದಲ್ಲಿ ಸುಮಾರು 4 ಲಕ್ಷ 22 ಸಾವಿರ ವಯಸ್ಕರು ನಾಯಿಯನ್ನು ಹಿಡಿದು ನಡೆಯುವಾಗ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಓಡಿದರು. ನಾಲ್ವರಲ್ಲಿ ಮೂವರು ಹೆಂಗಸರು. ಎಲ್ಲಕ್ಕಿಂತ ಹೆಚ್ಚು ಕಂಡುಬಂದದ್ದು ಬೆರಳಿನ ಮುರಿತ, ಎರಡನೆಯದು ಮಿದುಳಿನ ಪೆಟ್ಟು.

ಬೆರಳು ಮುರಿದ ಯಜಮಾನ ಎರಡು ವಾರ ಮನೆಯಲ್ಲಿ ಕೂತು ಉಂಡಾನು. ಪಾತ್ರೆ ತಿಕ್ಕುವವಳ ಬೆರಳು ಮುರಿದರೆ ಅವಳ ಅನ್ನವೇ ಮುರಿಯಿತು. ಒಂದು ಮನೆಯ ನಾಯಿ ಎಳೆದದ್ದಕ್ಕೆ ಅವಳು ದುಡಿಯುವ ಬೇರೆ ನಾಲ್ಕು ಮನೆಗಳ ಸಂಬಳವೂ ಕಡಿತವಾಗುತ್ತದೆ. ಮೇಲೆ ಕೇಳಬೇಕಾದ ಮಾತು: "ಸರಿಯಾಗಿ ಹಿಡಿದುಕೊಳ್ಳಬಾರದಿತ್ತೇ?"

ಗಿರಣಿಯ ಸಂಗಾತಿಗಳೇ, ಈ ಮಾತನ್ನು ನೀವು ಬಲ್ಲಿರಿ. ಯಂತ್ರಕ್ಕೆ ಬೆರಳು ಸಿಕ್ಕವನಿಗೂ ಮಾಲೀಕರು ಹೀಗೆಯೇ ಹೇಳುತ್ತಿದ್ದರು. 1923ರ ಪರಿಹಾರ ಕಾಯಿದೆ ಆ ನೆಪವನ್ನು ಮುರಿಯಿತು: ಕೆಲಸದ ವೇಳೆಯಲ್ಲಿ, ಕೆಲಸದ ದೆಸೆಯಿಂದ ಪೆಟ್ಟಾದರೆ ಮಾಲೀಕನೇ ಹೊಣೆ, ಕೆಲಸಗಾರ ಕ್ಷಣ ಮೈಮರೆತನೆಂಬುದು ಅದಕ್ಕೆ ಅಡ್ಡಿಯಲ್ಲ. ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕನಿಗೆ, ಪೆಟ್ಟು ವಾಸಿಯಾಗುವ ತನಕ ಕೂಲಿಯ ಶೇಕಡಾ 90ರಷ್ಟು ಬರುತ್ತದೆ.

ಆದರೆ ಆ 1923ರ ಕಾಯಿದೆಯ ಪಟ್ಟಿಯ ವಿನೋದ ನೋಡಿ! ಆನೆಯನ್ನೂ ಕಾಡುಮೃಗಗಳನ್ನೂ ಪಳಗಿಸಿ ಸಾಕುವ ಕೆಲಸಗಾರನಿಗೆ ಅದರಲ್ಲಿ ಸ್ಥಾನವಿತ್ತು, ಮನೆಯಾಳಿಗೆ ಇರಲಿಲ್ಲ. ಮಾವುತನನ್ನು ಕಂಡ ಕಾಯಿದೆಗೆ ನಾಯಿ ಹಿಡಿದವಳು ಕಾಣಲಿಲ್ಲ. ಮನೆಗೆಲಸವೂ ಕೆಲಸವೇ ಎಂದು ಒಪ್ಪಿ ಕರ್ನಾಟಕ ಸರಕಾರ 2004ರಲ್ಲಿ ಅದಕ್ಕೆ ಕನಿಷ್ಠ ಕೂಲಿ ಗೊತ್ತುಪಡಿಸಿತು. ಮನೆಗೆಲಸದವರಿಗೆ ಸುರಕ್ಷಿತ ಕೆಲಸದ ಹಕ್ಕುಂಟೆಂದು 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ಅದನ್ನು ಸ್ಥಿರೀಕರಿಸಿಲ್ಲ.

ಇನ್ನೊಂದು ಅಪಾಯವುಂಟು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಕೇಡಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು 6 ತಿಂಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿ ವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ನಾಯಿ ಕೈ ತಪ್ಪಿಸಿಕೊಂಡು ದಾರಿಹೋಕನನ್ನು ಕಚ್ಚಿತೆನ್ನಿ; ಆ ಹೊತ್ತು ಅದು ಯಾರ ವಶದಲ್ಲಿತ್ತು? ಧಣಿಯ ಬೆರಳು ಆಳಿನ ಕಡೆಗೆ ತಿರುಗಲು ಎಷ್ಟು ಹೊತ್ತು?

ನಾಯಿಯ ಮೇಲೆ ನಮಗೆ ಹಗೆಯಿಲ್ಲ. ಪಳಗಿಸದ ನಾಯಿ ಎಳೆಯುವುದು ಅದರ ಗುಣ. ಪಳಗಿಸುವ ತಾಳ್ಮೆಯಿಲ್ಲದೆ ಅಂತಸ್ತಿಗಾಗಿ ತಂದು, ಅದರ ಬಲವನ್ನು ಬಡವರ ತೋಳಿನ ಮೇಲೆ ಹೇರುವುದು ಮನುಷ್ಯನ ಗುಣ. ನಮ್ಮ ಜಗಳ ಅದರೊಡನೆ. ಗೋದಾಮು ಕಾಯಲು ನಾಯಿ ಸಾಕಿ ಅಂಗಡಿಯ ಹುಡುಗನ ಕೈಗೆ ಸರಪಳಿ ಕೊಡುವ ವರ್ತಕ ಮಿತ್ರರಿಗೂ ಈ ಮಾತು ಸಲ್ಲುತ್ತದೆ.

ಆದಕಾರಣ ನಾವು ಕೇಳುವುದಿಷ್ಟು:

1. ಕರೆದರೆ ನಿಲ್ಲುವಷ್ಟು ನಾಯಿ ಪಳಗುವ ತನಕ ಅದನ್ನು ಯಜಮಾನನೇ ತಿರುಗಾಡಿಸಲಿ. ಅದನ್ನು ತಡೆಯಲಾರದವರ ಕೈಗೆ ಸರಪಳಿ ಕೊಡಕೂಡದು.

2. ಎದೆಗೆ ತೊಡಿಸುವ ಗಟ್ಟಿ ಪಟ್ಟಿಯನ್ನು ಯಜಮಾನನೇ ಒದಗಿಸಲಿ. ಸರಪಳಿಯನ್ನು ಕೈಗೆ, ಬೆರಳಿಗೆ ಸುತ್ತಿಕೊಳ್ಳಬಾರದೆಂದು ಮೊದಲ ದಿನವೇ ತಿಳಿಸಲಿ.

3. ಪೆಟ್ಟಾದರೆ ಆಸ್ಪತ್ರೆಯ ಪೂರ್ತಿ ಖರ್ಚು, ಗುಣವಾಗುವ ತನಕ ಪೂರ್ತಿ ಸಂಬಳ ಕೊಡಲಿ. ಬೇರೆ ಮನೆಗಳ ನಷ್ಟವನ್ನೂ ತುಂಬಲಿ.

4. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಅಪಘಾತ ಪರಿಹಾರ ಮನೆಯಾಳಿಗೂ ಸಲ್ಲುತ್ತದೆಂದು ಸರಕಾರ ಹೆಸರು ಹಿಡಿದು ಬರೆಯಲಿ.

"ಔಷಧಿಗೆ ಇನ್ನೂರು ರೂಪಾಯಿ ಕೊಟ್ಟೆವಲ್ಲ" ಎಂಬ ಮಾತು ಬೇಡ. ಅದು ಭಿಕ್ಷೆ, ನಾವು ಕೇಳುತ್ತಿರುವುದು ಹಕ್ಕು. ನಾಯಿ ಸಾಕುವ ಸುಖ ಧಣಿಗೆ ಸಲ್ಲುವುದಾದರೆ, ಅದು ಮುರಿದ ಮೂಳೆಯ ಲೆಕ್ಕವೂ ಧಣಿಯ ಖಾತೆಗೇ ಬೀಳಲಿ!