ಗದ್ದೆಯಿಲ್ಲದ ಭೂಮಿಹುಣ್ಣಿಮೆ

ಆಶ್ವಯುಜದ ಪೂರ್ಣಿಮೆಯನ್ನು ಮಲೆನಾಡಿನವರು ಭೂಮಿಹುಣ್ಣಿಮೆಯೆಂದು ಆಚರಿಸುವರು. ಹೊಡೆಗಟ್ಟಿದ ಬತ್ತದ ಪೈರನ್ನು ಬಸಿರಿಯೆಂದು ಬಗೆದು ಅದಕ್ಕೆ ಬಯಕೆಯೂಟವನ್ನು ಒಯ್ಯುವುದೇ ಈ ಹಬ್ಬದ ತಿರುಳು. ಸಾಗರ, ಸೊರಬಗಳ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯುವರು. ರಾತ್ರಿಯೆಲ್ಲ ಎಚ್ಚರವಿದ್ದು ಹತ್ತಾರು ಬಗೆಯ ಸೊಪ್ಪುಗಳನ್ನು ಬೇಯಿಸುವರು. ಬೆಳಗಿನ ಜಾವದಲ್ಲಿ ಗಂಡಸರು ಗದ್ದೆಗೆ ಹೋಗಿ ಚರಗ ಚೆಲ್ಲುವರು. ಬುಟ್ಟಿಯು ಈಗಲೂ ಮನೆಯಿಂದ ಹೊರಡುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಅದನ್ನು ಇಳಿಸುವುದು ಎಳೆಯ ಅಡಿಕೆ ಸಸಿಗಳ ಬುಡದಲ್ಲಿ. ಏಕೆಂದರೆ ಗದ್ದೆಯೇ ಉಳಿದಿಲ್ಲ. ಗದ್ದೆಯನ್ನು ಅಳಿಸಿ ತೋಟ ಮಾಡಿದ್ದನ್ನು ನಾವು ಲಾಭವೆಂದು ಬರೆದುಕೊಂಡಿದ್ದೇವೆ. ಆ ಲೆಕ್ಕವು ತಪ್ಪೆಂಬುದೇ ಈ ಲೇಖನದ ವಾದ.

ಅಡಿಕೆಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಕಣಿವೆಯ ನೆರಳಿನಲ್ಲಿ ಮೆಣಸು, ಏಲಕ್ಕಿ, ಬಾಳೆಗಳೊಡನೆ ಬೆಳೆದ ಹಳೆಯ ತೋಟಗಳು ನಮ್ಮನ್ನು ತಲೆಮಾರುಗಳಿಂದ ಸಾಕಿವೆ. ಆದರೆ ಹಿರಿಯರು ತೋಟವನ್ನು ಒಂಟಿಯಾಗಿ ಕಟ್ಟಲಿಲ್ಲ. ಗದ್ದೆಯ ಬತ್ತ ಕಣಜಕ್ಕೆ, ಅದರ ಹುಲ್ಲು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರವು ಬೆಟ್ಟದ ಸೊಪ್ಪಿನೊಡನೆ ಬೆರೆತು ತೋಟಕ್ಕೆ, ಹೀಗೆ ಒಂದು ಇನ್ನೊಂದನ್ನು ಹೊತ್ತು ನಿಂತಿತ್ತು. ಗದ್ದೆ ಹೋದ ಮೇಲೆ ಹುಲ್ಲನ್ನು ಲಾರಿಯಲ್ಲಿ ತರಿಸಬೇಕಾಯಿತು; ಹುಲ್ಲು ತುಟ್ಟಿಯಾದೊಡನೆ ಹಸುಗಳನ್ನು ಮಾರಿದೆವು; ಹಸುಗಳು ಹೋದ ಮೇಲೆ ಗೊಬ್ಬರವನ್ನೂ ಹಾಲನ್ನೂ ಕೊಳ್ಳಹತ್ತಿದೆವು. ಅಡಿಕೆಯ ವರಮಾನವನ್ನು ಎಣಿಸಿದವರು ಈ ಮೂರು ವೆಚ್ಚಗಳನ್ನು ಅದೇ ಪುಟದಲ್ಲಿ ಬರೆದಿರುವರೇ?

ಕಷ್ಟದ ವರ್ಷದಲ್ಲಿ ಈ ಲೆಕ್ಕದ ಪೊಳ್ಳು ಹೊರಬೀಳುತ್ತದೆ. ಕೊಳೆರೋಗವು ಹೊಸತೇನೂ ಅಲ್ಲ. ಹಿಂದಿನವರು ಕರಡದ ಕೊಟ್ಟೆಗಳಿಂದ ಗೊನೆಗಳನ್ನು ಮುಚ್ಚುತ್ತಿದ್ದರು. ಮೈಸೂರು ಸರ್ಕಾರದ ಶಿಲೀಂಧ್ರಶಾಸ್ತ್ರಜ್ಞರಾಗಿದ್ದ ಕೋಲ್ಮನ್ ಸಾಹೇಬರು ಈ ರೋಗವನ್ನು ಪರಿಶೀಲಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. 100 ಲೀಟರು ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವೇ ಇಂದಿಗೂ ನಮ್ಮ ಮುಖ್ಯ ಆಸರೆ. ಆದರೆ ಬಿಡುವಿಲ್ಲದೆ ಸುರಿಯುವ ಮಳೆಯಲ್ಲಿ ಮರವೇರಿ ಔಷಧಿ ಹೊಡೆಯುವುದೆಂತು? ಆಶ್ವಯುಜ ಕಳೆದರೂ ಮಳೆ ಹಿಂದೆಗೆಯದಿದ್ದರೆ, ಅಳಿದುಳಿದ ಅಡಿಕೆಯೂ ಬೆಂದ ಮೇಲೆ ಬಿಸಿಲು ಕಾಣದೆ ಬೂಸಲು ಹಿಡಿಯುವುದು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಬಂದು ಸೇರಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ನೆರೆ ಬಂದಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಇಂಥ ಏರುಪೇರಿನಲ್ಲಿ ಒಂದೇ ಬೆಳೆಗೆ ಮನೆವಾರ್ತೆಯನ್ನೆಲ್ಲ ಕಟ್ಟಿಹಾಕುವುದು ಯಾವ ಜಾಣ್ಮೆ?

ಅಕಾಲದ ಮಳೆಯು ಬತ್ತವನ್ನೂ ಮಲಗಿಸುವುದೆಂಬ ಮಾತು ನಿಜ. ಆದರೆ ಬತ್ತದ ನಷ್ಟವು ಒಂದು ವರ್ಷದ್ದು. ಸುಳಿ ಕೊಳೆತು ಅಡಿಕೆಯ ಮರವೇ ಸತ್ತರೆ, ಅದರ ಎಡೆಯಲ್ಲಿ ನೆಟ್ಟ ಸಸಿ ಫಲ ಕೊಡುವುದಕ್ಕೆ 5ರಿಂದ 7 ವರ್ಷ ಕಾಯಬೇಕು. ನೀರಿನ ಮಾತೂ ಹಾಗೆಯೇ. ಬದುವಿನೊಳಗೆ ಮಳೆನೀರನ್ನು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತಿದ್ದ ಗದ್ದೆಯಲ್ಲಿ ಬಸಿಗಾಲುವೆ ತೋಡಿ ಆ ನೀರನ್ನು ಹೊರದೂಡುತ್ತೇವೆ. ಬೇಸಗೆಯಲ್ಲಿ ಅದೇ ತೋಟಕ್ಕಾಗಿ ಕೊಳವೆಬಾವಿ ಕೊರೆಯಿಸುತ್ತೇವೆ.

ಇಷ್ಟಕ್ಕೂ ಈ ಬೆಳೆಯ ಬೆಲೆ ನಮ್ಮ ಕೈಯಲ್ಲಿದೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. 2013ರಲ್ಲಿ ಕರ್ನಾಟಕವು ಗುಟ್ಕಾವನ್ನು ನಿಷೇಧಿಸಿತು. ದೂರದ ನಿರ್ಣಯವೊಂದರಿಂದ ಅಲುಗುವ ಬೆಲೆಯನ್ನು ನಂಬಿ ಉಣ್ಣುವ ಅನ್ನದ ನೆಲವನ್ನು ತೊರೆಯುವುದು ವಿವೇಕವಲ್ಲ.

ಪ್ರತಿವಾದಿಗಳು ಹೇಳುವುದುಂಟು: ನಾಟಿಗೆ ಆಳು ಸಿಗುವುದಿಲ್ಲ, ಬತ್ತದ ಬೆಲೆ ಖರ್ಚಿಗೂ ಸಾಲದು, ಅಕ್ಕಿ ಪಡಿತರದಲ್ಲಿ ಬರುತ್ತದೆ. ಮೊದಲೆರಡನ್ನು ಒಪ್ಪುತ್ತೇನೆ. ಬತ್ತವನ್ನು ಬೆಳೆದು ಮಾರಿರೆಂದು ಯಾರಿಗೂ ನಾನು ಹೇಳುತ್ತಿಲ್ಲ. ಮನೆಯ ಊಟಕ್ಕೂ ಹಟ್ಟಿಯ ಹುಲ್ಲಿಗೂ ಆಗುವಷ್ಟನ್ನು ಉಳಿಸಿಕೊಳ್ಳಿರೆಂದು ಮಾತ್ರ ಬೇಡುತ್ತಿದ್ದೇನೆ. ಅಷ್ಟು ನೆಲದ ನಾಟಿಯನ್ನು ನೆರೆಹೊರೆಯವರು ಮುಯ್ಯಾಳಿನಿಂದ ಮುಗಿಸುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಮೂರನೆಯದಕ್ಕೆ ನನ್ನ ಉತ್ತರವಿಷ್ಟೆ: ಪಡಿತರದ ಅಂಗಡಿಯಲ್ಲಿ ಅಕ್ಕಿ ದೊರೆತೀತು, ಹುಲ್ಲು ದೊರೆಯದು.

ಮನೆಯ ಒಳಗಿನ ದುಡಿಮೆಯನ್ನೂ ಎಣಿಸಬೇಕು. ಕೊಯ್ಲಿನ ಕಾಲದಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು, ಹಂಡೆಯ ಒಲೆಗೆ ಸೌದೆ ಒಟ್ಟುವವರು, ಮೋಡ ಕವಿದೊಡನೆ ಅಂಗಳಕ್ಕೆ ಓಡಿ ಹರವಿದ್ದನ್ನು ಬಾಚುವವರು ಬಹುಮಟ್ಟಿಗೆ ಹೆಂಗಸರು. ಮಳೆಯ ವರ್ಷದಲ್ಲಿ ಈ ಕೆಲಸ ಇಮ್ಮಡಿಯಾಗುವುದು, ಫಲ ಅರ್ಧವಾಗುವುದು. ಗದ್ದೆಯನ್ನು ತೋಟ ಮಾಡುವ ನಿರ್ಣಯವು ಜಗುಲಿಯಲ್ಲಿ ಆಗುತ್ತದೆ. ಕಣಜ ಬರಿದಾದುದು ಮೊದಲು ತಿಳಿಯುವುದು ಅಡುಗೆಮನೆಗೆ. ಆ ಅಡುಗೆಮನೆಯನ್ನು ಯಾರು ಕೇಳಿದರು?

ಈ ಪತ್ರಿಕೆಯನ್ನು ಓದುವ ಸುಶಿಕ್ಷಿತ ಕುಟುಂಬಗಳಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಅಷ್ಟಿಷ್ಟು ಗದ್ದೆಯಿದೆ. ಪಟ್ಟಣದಲ್ಲಿದ್ದುಕೊಂಡು ನೋಡಿಕೊಳ್ಳಲು ತೋಟವೇ ಸುಲಭವೆಂದು ಮಣ್ಣು ತೋಡುವ ಯಂತ್ರವನ್ನು ಮೊದಲು ಕರೆಸುವವರಲ್ಲಿ ನಾವೂ ಸೇರಿದ್ದೇವೆ. ಬರುವ ಬೇಸಗೆಯಲ್ಲಿ ಅದನ್ನು ಕರೆಸುವ ಮೊದಲು ಮನೆಯ ಹೆಂಗಸರನ್ನೂ ಕೂಡಿಸಿಕೊಂಡು, ಹುಲ್ಲು, ಹಾಲು, ಗೊಬ್ಬರ, ನೀರು ಎಲ್ಲವನ್ನೂ ಬರೆದು, ಲೆಕ್ಕವನ್ನು ಮತ್ತೊಮ್ಮೆ ಕೂಡಿ ನೋಡಿರಿ. ವರ್ಷದ ಅನ್ನಕ್ಕಾಗುವಷ್ಟು ಗದ್ದೆಯನ್ನಾದರೂ ಬಿಡಿರಿ. ಮುಂದಿನ ಭೂಮಿಹುಣ್ಣಿಮೆಯ ಬುಟ್ಟಿಯನ್ನು ಇಳಿಸಲು ಬತ್ತದ ಪೈರಿನ ನಡುವೆ ಒಂದಿಷ್ಟು ಎಡೆಯಿರಲಿ.