ಆನೆ ಮೀಯಿಸುವುದು ಸೇವೆಯಲ್ಲ

ಪುಟ್ಟ ಮಕ್ಕಳಲ್ಲಿ ಪ್ರಾಣಿಪ್ರೀತಿ ಹುಟ್ಟಬೇಕಾದರೆ ರಜೆಯಲ್ಲಿ ಥಾಯ್ಲೆಂಡಿಗೆ ಕರೆದೊಯ್ದು ಆನೆ ಶಿಬಿರದಲ್ಲಿ ಸ್ವಯಂಸೇವೆ ಮಾಡಿಸಿ ಎಂಬ ಲೇಖನ ಓದಿದೆ. ಒಪ್ಪಲಾರೆ. ಐದು ವರ್ಷದ ಮಗು ಮೈ ಉಜ್ಜಿದರೆ ಆನೆಗೆ ಆಗುವ ಉಪಕಾರವೇನು? ಅಪರಿಚಿತರ ಕೈಗೆ ಮೈಯೊಡ್ಡಿ ಸುಮ್ಮನೆ ನಿಲ್ಲಲೆಂದು ಎಷ್ಟೋ ಕಡೆ ಅದನ್ನು ಮರಿಯಿದ್ದಾಗಲೇ ತಾಯಿಯಿಂದ ಅಗಲಿಸಿ, ಹೊಡೆದು ಬಡಿದು ಪಳಗಿಸಿರುತ್ತಾರೆ. ಲೇಖನದಲ್ಲಿ ಆ ಮಾತೇ ಇಲ್ಲ.

ಪ್ರಾಣಿಪ್ರೀತಿ ಕಲಿಸಲು ಅದರ ಬದಲು ಹಿಂದೂಪುರದ ಹತ್ತಿರ, ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಬನ್ನಿ. ವರ್ಷದ ಮೊದಲ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಅಂಗಳಕ್ಕೇ ಬೀಳುತ್ತದೆ, ಕೊಳೆತ ಮೀನಿನ ನಾತ ಬೇರೆ. ಆದರೂ ಊರವರು ಕಲ್ಲೆತ್ತುವುದಿಲ್ಲ. ಮುಟ್ಟದೆ ನೋಡುವುದು ಅಲ್ಲಿ ಮಕ್ಕಳಿಗೆ ಹೇಳಿಕೊಡದೆಯೇ ಬರುವ ಪಾಠ.

ಪರದೇಶದಲ್ಲಿ ಸೇವೆಯೇ ಕೂಡದೆಂದು ನಾನು ಹೇಳುತ್ತಿಲ್ಲ. ಸ್ಪೇನಿನ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದವರು 2009ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿನವರಾಗಿಯೇ ಬದುಕಿದರು. ಅವರು ಕಟ್ಟಿದ ಸಂಸ್ಥೆಯ ಆಸ್ಪತ್ರೆ ಕಲ್ಯಾಣದುರ್ಗದಲ್ಲಿದೆ. ಅದು ಸೇವೆ; ಹತ್ತು ದಿನದ ಪ್ರವಾಸದ ಪ್ಯಾಕೇಜಿಗೂ ಅದೇ ಹೆಸರು ಕೊಡಬೇಡಿ. ಈ ಸಲ ಮಗುವಿಗೊಂದು ದುರ್ಬೀನು ಕೊಡಿಸಿ, ಹಿಂದೂಪುರದ ಬಸ್ಸು ಹತ್ತಿ.